ಒಳಗೆ ಬಿಟ್ಟ ಬಟ್ಟೆ

ಮದುವೆಯಾಗಿ ಅಮ್ಮತ್ತಿಯ ಹತ್ತಿರದ ಕಾಫಿ ತೋಟಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿದ್ದದ್ದು ಐದೇ ಸೀರೆ. ಶಿರಂಗಾಲದ ನಮ್ಮ ತವರಿನಲ್ಲಿ ಕೊರತೆಯೇನೂ ಇರಲಿಲ್ಲ. ಅಪ್ಪನಿಗೆ ಗದ್ದೆಯಿತ್ತು, ಹೊಗೆಸೊಪ್ಪಿನ ವ್ಯಾಪಾರವಿತ್ತು. ಐದೇ ಸಾಕು ಎಂದು ಹಟ ಹಿಡಿದವಳು ನಾನು. ಮಡಿಕೇರಿಯ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಮದರ್ ಒಬ್ಬರು ಸೂಜಿ ಹಿಡಿಯುವುದಕ್ಕೂ ಮೊದಲು ಬಟ್ಟೆ ನೋಡುವುದನ್ನು ಕಲಿಸಿದ್ದರು. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡಬೇಕು, ಸುಕ್ಕು ತಾನಾಗಿ ಬಿಚ್ಚಿಕೊಳ್ಳುತ್ತದೆಯೇ ನೋಡಬೇಕು. ಕಿಟಕಿಗೆ ಅಡ್ಡ ಹಿಡಿದು ನೂಲು ಎಲ್ಲಿ ತೆಳುವಾಗಿದೆ ಎಂದು ಹುಡುಕಬೇಕು. ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಕರವಸ್ತ್ರದಿಂದ ಒಂದು ಮೂಲೆಯನ್ನು ಉಜ್ಜಬೇಕು. ಮುಂಭಾಗದ ಚೆಂದಕ್ಕೆ ಮರುಳಾಗದೆ ತಿರುಗಿಸಿ ಹಿಂಭಾಗ ನೋಡಬೇಕು. ಹಾಗೆ ನೋಡಿ ಆರಿಸಿದ ಐದು ಸೀರೆಗಳವು. ನಾಲ್ಕು ಈಗಲೂ ಹರಿದಿಲ್ಲ. ಉಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಾನು ಬಂದ ದಿನ ಅತ್ತೆ ಟ್ರಂಕಿನ ಮುಂದೆ ಕುಳಿತು ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದು ಚಾಪೆಯ ಮೇಲೆ ಇಟ್ಟರು. ಆಮೇಲೆ ಬರಿದಾದ ಟ್ರಂಕಿನೊಳಗೆ ಬಗ್ಗಿ ನೋಡಿದರು.

"ಇಷ್ಟೇಯಾ? ತಳದಲ್ಲಿ ಇನ್ನೇನಾದ್ರೂ ಐತಾ ನೋಡವ್ವ."

"ಇಲ್ಲ ಅತ್ತೆ. ಇವು ಬಾಳಿಕೆ ಬರ್ತವೆ."

"ಬರ್ತವೆ, ಬರ್ತವೆ. ಮೂರೊತ್ತೂ ಅದೇ ಸೀರೆ ನೋಡಿ ನೋಡಿ ನನ್ ಮಗನ ಕಣ್ಣೇ ಸವ್ದೋಯ್ತವೆ."

ಬಾಗಿಲಲ್ಲಿ ನಿಂತಿದ್ದ ನನ್ನವರು ನಕ್ಕರು. "ಕಣ್ಣು ನಂದು ಕಣವ್ವ. ಸವೆದ್ರೆ ಸವೀಲಿ ಬಿಡು."

ಅವರು ತೋಟದ ರೈಟರ್. ಬೆಳಕು ಹರಿಯುವ ಮುಂಚೆ ಆಫೀಸಿನ ಮುಂದಿನ ಬಯಲಿನಲ್ಲಿ ನಿಂತು, ಲೈನುಮನೆಗಳಿಂದ ಬರುವ ಆಳುಗಳ ಹಾಜರಿ ತೆಗೆದುಕೊಳ್ಳಬೇಕು. ಮಂಜು ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಎದುರಿಗೆ ನಿಂತವರ ಮುಖವೇ ಕಾಣದು. ಕೂಗಿದ ಹೆಸರಿಗೆ ಓಗೊಟ್ಟ ದನಿಯನ್ನು ಹಿಡಿದು ಗುರುತು ಹಾಕಿಕೊಳ್ಳುತ್ತಿದ್ದರು. ನನ್ನ ಬಟ್ಟೆಯ ಶಿಸ್ತನ್ನು ಕ್ರಮೇಣ ಅವರ ಬಟ್ಟೆಗೂ ತಂದೆ. ಬೇಗ ಹರಿಯುವ ಅಂಗಿಗಳನ್ನು ಕೈಬಿಟ್ಟು ಎರಡು ಒಳ್ಳೆಯ ಅಂಗಿ, ಒಂದು ಜೊತೆ ಗಟ್ಟಿ ಬೂಟು, ತೊಳೆದಷ್ಟೂ ಮೆತ್ತಗಾಗುವ ಪಂಚೆಗಳು. ಚಳಿಗೆ ಹಾಕುತ್ತಿದ್ದ ಹತ್ತಿಯ ಕೋಟೊಂದು ಮಾತ್ರ ಹಳೆಯದೇ ಉಳಿದಿತ್ತು. ಮುಂದಿನ ವರ್ಷ ನೋಡೋಣ ಎನ್ನುತ್ತಲೇ ಇದ್ದೆವು.

ಅವರಿಗೆ ಕೆಮ್ಮು ಶುರುವಾದದ್ದು ಒಂದು ಮಳೆಗಾಲದಲ್ಲಿ. ಮಳೆ ನಿಂತಿತು, ಕೆಮ್ಮು ನಿಲ್ಲಲಿಲ್ಲ. ವಿರಾಜಪೇಟೆಯ ಡಾಕ್ಟರರ ಬಳಿಗೆ ಹೋದಾಗ ಅತ್ತೆಯೂ ಜೊತೆಗೆ ಬಂದಿದ್ದರು. ಡಾಕ್ಟರು ಬೆನ್ನಿನ ಮೇಲೆ ಬೆರಳು ಬಡಿದು ಬಡಿದು ಕೇಳಿದರು. ಆಮೇಲೆ ಒಮ್ಮೆ ಅತ್ತೆಯ ಕಡೆ ನೋಡಿ, ನಮ್ಮಿಬ್ಬರೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು: ಒಂದು ಶ್ವಾಸಕೋಶ ಪೂರ್ತಿ ಹೋಗಿದೆ, ಇನ್ನೊಂದರಲ್ಲೂ ಹಿಡಿದಿದೆ, ದೊಡ್ಡ ಆಸ್ಪತ್ರೆಗೆ ಬರೆಯಬಹುದು, ಆದರೆ ಬರೆದು ಪ್ರಯೋಜನವಾಗುತ್ತದೆಂದು ನಾನು ಹೇಳಲಾರೆ. ಮೊಟ್ಟೆ ಕೊಡಿ, ಹಾಲು ಕೊಡಿ, ಬೆಚ್ಚಗಿಡಿ. ಇವರು ತಲೆಯಾಡಿಸುತ್ತ, ಬಿಳಿ ದೊರೆ ಹೇಳಿದ ತೋಟದ ಕೆಲಸ ಕೇಳಿಸಿಕೊಳ್ಳುವ ಹಾಗೆ ಕೇಳಿಸಿಕೊಂಡರು.

ಹೊರಗೆ ಬಂದ ಕೂಡಲೇ ಅತ್ತೆ ನನ್ನ ಸೆರಗು ಹಿಡಿದರು. "ಏನಂದ್ರವ್ವ? ಅಷ್ಟೊತ್ತು ಏನ್ ಹೇಳುದ್ರು?"

"ಬೆಚ್ಚಗಿರ್ಬೇಕಂತೆ ಅತ್ತೆ."

ಅಷ್ಟೂ ಇಂಗ್ಲಿಷಿನಲ್ಲಿ ಕನ್ನಡಕ್ಕೆ ಬಂದದ್ದು ಅದೊಂದೇ ಮಾತು. ಮೊಟ್ಟೆಯ ಮಾತನ್ನು ನಾನೇ ನುಂಗಿದೆ; ಲಿಂಗಪೂಜೆಯ ಮನೆ. ಬೆಚ್ಚಗಿಡುವುದೊಂದು ನನ್ನ ಕೈಲಿತ್ತು. ಕಾಫಿ ಹಣ್ಣಿನ ಪಿಕ್ಕಿಂಗ್ ಹತ್ತಿರ ಬರುತ್ತಿತ್ತು, ಆ ಮಂಜಿನಲ್ಲಿ ಇವರು ಹಾಜರಿಗೆ ನಿಲ್ಲಲೇಬೇಕಿತ್ತು. ಹತ್ತಿಯ ಕೋಟು ಸಾಲದು, ಒಂದು ಉಣ್ಣೆಯ ಕೋಟು ಹೊಲಿಸಬೇಕು, ಹೊಲಿಸುವುದಾದರೆ ಜೀವಮಾನಕ್ಕಾಗುವಂಥದನ್ನೇ ಹೊಲಿಸಬೇಕು ಎಂದುಕೊಂಡೆ. ಅದಕ್ಕಿಂತ ಕಡಿಮೆಯದನ್ನು ಹೊಲಿಸಿದರೆ ಡಾಕ್ಟರರ ಮಾತಿಗೆ ನಾನೇ ಒಪ್ಪಿ ತಲೆಯಾಡಿಸಿದ ಹಾಗಾಗುತ್ತಿತ್ತು.

ಯುದ್ಧದ ಕಾಲ. ಒಳ್ಳೆಯ ಉಣ್ಣೆಯೆಲ್ಲ ಪಟಾಲಮ್ಮಿಗೆ ಹೋಗುತ್ತಿತ್ತು. ಅಮ್ಮತ್ತಿಯ ಸಂತೆಬೀದಿಯಲ್ಲಿ ಮಲಬಾರಿನ ಮಾಪಿಳ್ಳೆಯವರೊಬ್ಬರ ಜವಳಿ ಅಂಗಡಿಯಿತ್ತು. ಅವರನ್ನು ಎಲ್ಲರೂ ಕಾಕ ಎನ್ನುತ್ತಿದ್ದರು. ನಾನು ಕಾಲಿಟ್ಟರೆ ಸಾಕು, "ಪರೀಕ್ಷೆಯ ಅಮ್ಮ ಬಂದರು, ಒಳ್ಳೆಯದನ್ನೇ ಇಳಿಸು" ಎಂದು ತಮಗೆ ತಾವೇ ಹೇಳಿಕೊಂಡು ಮೇಲಿನ ಹಲಗೆಗೆ ಕೈ ಹಾಕುವ ಮನುಷ್ಯ. ಆ ದಿನ ನನ್ನ ಹಿಂದೆ ಇವರು ಒಳಗೆ ಬಂದರು. ಮೆಟ್ಟಿಲು ಹತ್ತಿದ್ದಕ್ಕೆ ಕೆಮ್ಮು ಬಂದು, ಬಾಯಿಗೆ ಹೆಗಲ ವಲ್ಲಿ ಒತ್ತಿಕೊಂಡು ಬೆಂಚಿನ ಮೇಲೆ ಕುಳಿತರು. ಕಾಕ ಒಂದು ಗಳಿಗೆ ಅವರನ್ನೇ ನೋಡಿದರು. ಮೇಲಕ್ಕೆ ಹೋಗುತ್ತಿದ್ದ ಕೈ ಕೆಳಗಿನ ಹಲಗೆಗೆ ಇಳಿಯಿತು.

"ಇದು ನೋಡಿ ಅಮ್ಮಾ. ಹಗುರ ಉಂಟು, ಚಂದ ಉಂಟು. ಈ ಚಳಿಗೆ ಇದು ಧಾರಾಳ ಸಾಕು."

ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟೆ. ಸುಕ್ಕು ಹಾಗೆಯೇ ನಿಂತಿತು. ಅರ್ಧ ಹತ್ತಿ.

"ಒಂದು ಚಳಿಗಲ್ಲ ಕಾಕ. ಬಾಳಿಕೆ ಬರೋದು ಬೇಕು."

"ಬಾಳಿಕೆಯದ್ದು ಈಗ ಎಲ್ಲಿ ಸಿಕ್ತದೆ ಅಮ್ಮಾ, ಯುದ್ಧ ಅಲ್ಲವಾ. ಈಗ ಇದು ಹಾಕಲಿ. ಮುಂದಿನ ವರ್ಷ ನಾನೇ ತರಿಸಿ ಕೊಡುತ್ತೇನೆ."

"ನಿಮ್ಮ ಮೇಲಿನ ಹಲಗೆಯಲ್ಲಿ ಕಾಗದ ಸುತ್ತಿ ಇಟ್ಟಿದ್ದೀರಲ್ಲ, ಅದೇನು?"

ಅದು ಯಾವುದೋ ತೋಟದ ದೊರೆಗೆಂದು ತರಿಸಿದ ಕಡುನೀಲಿ ಉಣ್ಣೆ. ದೊರೆ ಯುದ್ಧಕ್ಕೆ ಹೋದವನು ಮರಳಿ ಬಂದಿರಲಿಲ್ಲ. ಕಾಕ ಇಳಿಸಿ ಕೊಟ್ಟರು. ಹಿಂಡಿದೆ, ಅದು ಬೆಕ್ಕು ಮೈ ಮುರಿದ ಹಾಗೆ ಕೈಯೊಳಗೆ ಬಿಚ್ಚಿಕೊಂಡಿತು. ತಿರುಗಿಸಿದೆ, ಹಿಂಭಾಗವೂ ಮುಂಭಾಗದಷ್ಟೇ ನುಣುಪು. ಅಂಥ ಬಟ್ಟೆಯನ್ನು ನಾನು ಅದಕ್ಕೆ ಮೊದಲೂ ಮುಟ್ಟಿರಲಿಲ್ಲ, ಆಮೇಲೂ ಮುಟ್ಟಿಲ್ಲ. "ತಮ್ಮಿಷ್ಟ ಅಮ್ಮಾ," ಎಂದು ಕಾಕ ಕತ್ತರಿ ತೆಗೆದುಕೊಂಡರು. ಅವರು 'ನಿಮ್ಮ' ಬಿಟ್ಟು 'ತಮ್ಮ' ಎಂದು ನನ್ನನ್ನು ಮಾತಾಡಿಸಿದ್ದು ಅದೇ ಮೊದಲು.

ಅಂಗಡಿಯ ಜಗಲಿಯಲ್ಲಿ ಮಿಷಿನ್ ಇಟ್ಟುಕೊಂಡಿದ್ದ ದರ್ಜಿ ಸಾಯ್ಬರು ವಯಸ್ಸಾದವರು. ಯಾರದೇ ಅಳತೆ ತೆಗೆದರೂ ಕೊನೆಗೆ ಅವರದೊಂದು ಪ್ರಶ್ನೆ ಇರುತ್ತಿತ್ತು: "ಒಳಗೆ ಎಷ್ಟು ಬಿಡ್ಲಿ?" ಪಕ್ಕದ ಹೊಲಿಗೆಯ ಒಳಗಡೆ ಮಡಿಸಿ ಬಿಡುವ ಹೆಚ್ಚಿನ ಬಟ್ಟೆ ಅದು. ಮುಂದೆ ಮೈ ತುಂಬಿದಾಗ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಬಹುದು. ಮದುವೆ ಗಂಡುಗಳಿಗೆ, "ಹೆಂಡ್ತಿ ಕೈಯಡುಗೆ ಹ್ಯಾಗೋ ಏನೋ, ಜಾಸ್ತಿನೇ ಬಿಡ್ತೀನಿ" ಎಂದು ತಮಾಷೆ ಮಾಡುತ್ತಿದ್ದರು. ತೀರಾ ಮುದುಕರನ್ನು ಮಾತ್ರ ಹಾಗೆ ಕೇಳುತ್ತಿರಲಿಲ್ಲ.

"ಕೈ ಮೇಲೆ ಮಾಡಿ ರೈಟರ್ ಸಾಬ್," ಎಂದು ಸಾಯ್ಬರು ಟೇಪು ಸುತ್ತಿದರು. ಎದೆ, ಸೊಂಟ, ತೋಳು, ಬೆನ್ನು. ಇವರು ನಗುತ್ತಲೇ ನಿಂತಿದ್ದರು. "ಇದನ್ನ ಹಾಕ್ಕೊಂಡು ಹಾಜರಿಗೆ ನಿಂತ್ರೆ ಆಳುಗಳು ದೊರೆ ಅಂದ್ಕೊಂಡು ಸಲಾಮು ಹೊಡೀತಾರೆ ಸಾಯ್ಬ್ರೆ."

"ಹೊಡೀಲಿ ಹೊಡೀಲಿ," ಎಂದು ಸಾಯ್ಬರು ಟೇಪನ್ನು ಕೊರಳಿಗೆ ಹಾಕಿಕೊಂಡು, ಸೀಮೆಸುಣ್ಣವನ್ನು ಕಿವಿಯ ಮೇಲೆ ಸಿಕ್ಕಿಸಿದರು. ಮುಗಿಯಿತು ಎಂಬಂತೆ ಬಟ್ಟೆ ಮಡಿಸತೊಡಗಿದರು.

ನಾನು ಕಾದೆ. ಇವರೂ ಕಾಯುತ್ತಿದ್ದರು ಎಂದು ನನಗೆ ಗೊತ್ತು, ಏಕೆಂದರೆ ಇವರ ನಗು ಮುಖದ ಮೇಲೆ ಹಾಗೆಯೇ ಉಳಿದಿತ್ತು, ಕೆಳಗಿಡಲು ಜಾಗ ಸಿಗದ ಹೊರೆಯ ಹಾಗೆ. ಸಾಯ್ಬರು ಕೇಳಲಿಲ್ಲ. ಇವರಿಗಿನ್ನೂ ಮೂವತ್ತೈದು ತುಂಬಿರಲಿಲ್ಲ.

"ಒಳಗೆ ಬಟ್ಟೆ ಬಿಡಿ ಸಾಯ್ಬ್ರೆ," ಎಂದೆ.

ಅವರು ತಲೆಯೆತ್ತಲಿಲ್ಲ. "ಬಿಡ್ತೀನಿ ಬೇಟಿ. ಎಷ್ಟು?"

"ನಾಲ್ಕು ಬೆರಳು ಬಿಡಿ. ಎರಡೂ ಪಕ್ಕಕ್ಕೆ."

"ಅಚ್ಛಾ," ಎಂದರು.

ಮನೆಗೆ ಬಂದು ಹೇಳಿದಾಗ ಅತ್ತೆಗೆ ಅದೂ ಕಡಿಮೆಯಾಯಿತು. "ನಾಕೇ ಬೆರಳಾ? ಸಾಲಾಕಿಲ್ಲ ಕಣವ್ವ. ಇವರಪ್ಪಂಗೆ ನಲವತ್ತಕ್ಕೆಲ್ಲ ಹೊಟ್ಟೆ ಬಂದು ನಿಂತಿತ್ತು. ನಿನ್ ಕಾನ್ವೆಂಟಿನ ಲೆಕ್ಕದಾಗೆ ಹೊಟ್ಟೆಗೆ ಜಾಗ ಇಲ್ವಾ?"

ಕೋಟು ಚೆನ್ನಾಗಿ ಬಂತು. ಮೊದಲ ಬೆಳಿಗ್ಗೆ ಹಾಕಿಕೊಂಡು ಬಯಲಿನ ಕಡೆ ಹೊರಟಾಗ ಹಿಂದಿನಿಂದ ನೋಡಿದರೆ ಅವರಿಗೆ ಏನೂ ಆಗಿಲ್ಲವೇನೋ ಎನ್ನಿಸಿತು. ಭುಜದ ಹತ್ತಿರ ಸಾಯ್ಬರು ಅಸ್ತರಿನೊಳಗೆ ಏನನ್ನೋ ತುಂಬಿ ಹೊಲಿದಿದ್ದರು. ಭುಜಗಳು ಭುಜಗಳಂತೆಯೇ ಕಾಣುತ್ತಿದ್ದವು. ಪಿಕ್ಕಿಂಗ್ ನಡುಮಧ್ಯಕ್ಕೆ ಬರುವಷ್ಟರಲ್ಲಿ ಕೋಟು ಮೈಮೇಲೆ ತೂಗಾಡತೊಡಗಿತು. ಗಾಳಿ ಒಳಗೆ ನುಗ್ಗುತ್ತದೆ, ಬೆಚ್ಚಗಾಗುತ್ತಿಲ್ಲ ಎಂದರು. ಒಂದು ಮಧ್ಯಾಹ್ನ ಅಸ್ತರು ಬಿಚ್ಚಿ, ಎರಡೂ ಪಕ್ಕ ಎರಡೆರಡು ಬೆರಳು ಒಳಗೆ ತೆಗೆದುಕೊಂಡು ಹೊಲಿದೆ. ಬಟ್ಟೆ ಕತ್ತರಿಸಲಿಲ್ಲ. ಸಾಯ್ಬರು ಬಿಟ್ಟಿದ್ದರ ಜೊತೆಗೆ ಇದನ್ನೂ ಮಡಿಸಿ ಒಳಗೇ ಬಿಟ್ಟೆ. ಬೇಸಿಗೆಗೆ ಮೈ ಹಿಡಿದರೆ ಬಿಚ್ಚಿಕೊಳ್ಳಬಹುದು.

ಬೇಸಿಗೆ ಬರುವ ಮುಂಚೆ ಇನ್ನೊಮ್ಮೆ ಒಳಗೆ ತೆಗೆದುಕೊಂಡೆ. ಆಮೇಲೆ ಮತ್ತೊಮ್ಮೆ. ನನ್ನ ಕೈಹೊಲಿಗೆ ಚೆನ್ನಾಗಿತ್ತು, ಹೊರಗಿನಿಂದ ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಕೋಟು ಪ್ರತಿ ಸಲವೂ ಅವರ ಮೈಗೆ ಸರಿಯಾಗಿಯೇ ಕೂರುತ್ತಿತ್ತು. ಹೊರಗೆ ಕಿರಿದಾದಷ್ಟೂ ಒಳಗೆ ದಪ್ಪವಾಗುತ್ತಿತ್ತು, ಅಷ್ಟೆ.

ಹಾಜರಿಗೆ ನಿಲ್ಲಲಾಗದೆ ಹೋದ ಮೇಲೆ ಬೇರೆ ರೈಟರ್ ಬಂದರು. ನಾವು ಶನಿವಾರಸಂತೆಯ ಕಡೆಯ ಇವರ ಊರಿಗೆ ಹೋದೆವು. ಅಲ್ಲಿ ಬಿಸಿಲು ಚೆನ್ನಾಗಿದ್ದ ದಿನವೂ ಇವರಿಗೆ ಚಳಿ. ಕೋಟು ಹಾಕಿಕೊಂಡೇ ಜಗಲಿಯಲ್ಲಿ ಮಲಗುತ್ತಿದ್ದರು. ಒಂದು ದಿನ ಬೆಳಿಗ್ಗೆ ನನ್ನನ್ನು ಕರೆದರು.

"ಇದು ಪಕ್ಕೆಗೆ ಒತ್ತುತ್ತೆ ಕಣೇ."

ಅಂಗಿ ಎತ್ತಿ ನೋಡಿದೆ. ಎರಡೂ ಕಡೆ ಪಕ್ಕೆಲುಬುಗಳ ಮೇಲೆ ಉದ್ದಕ್ಕೆ ಕೆಂಪು ಗೆರೆ ಮೂಡಿತ್ತು. ಒಳಗೆ ಮಡಿಸಿಟ್ಟ ಬಟ್ಟೆ ಹಗ್ಗದ ಹಾಗೆ ಗಟ್ಟಿಯಾಗಿ ಮೈಯನ್ನು ಕೊರೆದಿತ್ತು.

"ಬೇರೆ ಥರ ಮಡಿಸಿ ಹೊಲೀತೀನಿ ರೀ. ಅಗಲವಾಗಿ ಮಡಿಸಿದ್ರೆ ಒತ್ತಲ್ಲ."

"ಎಷ್ಟು ಸಲ ಮಡಿಸ್ತೀಯ?" ಎಂದರು. ಬೈಗುಳದ ದನಿಯಲ್ಲ, ಆಳುಗಳ ಕೆಲಸ ಮುಗಿಯುತ್ತದೆಯೇ ಎಂದು ಕೇಳುತ್ತಿದ್ದ ದನಿ. "ಕತ್ತರಿಸಿಬಿಡೇ. ಭಾರ ಹೊರೋಕ್ಕಾಗಲ್ಲ."

"ಕತ್ತರಿಸಿದ್ರೆ ಆಮೇಲೆ ಬಿಚ್ಚೋಕೆ ಬರಲ್ಲ."

"ಗೊತ್ತು ಕಣೇ," ಎಂದರು.

ಜಗಲಿಯ ಬೆಳಕಿನಲ್ಲಿ ಕುಳಿತು ಅಸ್ತರು ಬಿಚ್ಚಿದೆ. ಬಟ್ಟೆಯ ಒಂದು ತುದಿಯನ್ನು ಅವರೇ ಬಿಗಿಯಾಗಿ ಹಿಡಿದುಕೊಂಡರು, ಕತ್ತರಿ ವಾಲಬಾರದೆಂದು. ಒಳಗೆ ಉಳಿದಿದ್ದ ಬಟ್ಟೆಗೆ ಬಿಸಿಲು, ಮಂಜು ಏನೂ ತಾಕಿರಲಿಲ್ಲ. ಕಾಕನ ಅಂಗಡಿಯಲ್ಲಿ ನೋಡಿದ ಅದೇ ಕಡುನೀಲಿ. ಉದ್ದುದ್ದ ಪಟ್ಟಿಗಳಾಗಿ ಜಗಲಿಯ ಮೇಲೆ ಬಿದ್ದವು. ಅತ್ತೆ ಪೊರಕೆ ಹಿಡಿದು ಬಂದವರು ಅವನ್ನು ನೋಡಿ ನಿಂತರು. ಏನು, ಯಾಕೆ ಎಂದು ಕೇಳಲಿಲ್ಲ. ಡಾಕ್ಟರರ ಇಂಗ್ಲಿಷನ್ನು ನಾನು ಅಷ್ಟು ದಿನ ಮುಚ್ಚಿಟ್ಟಿದ್ದೆನಲ್ಲ, ಅದನ್ನು ಅವರು ಆ ಪಟ್ಟಿಗಳಲ್ಲಿ ಕೇಳಿಸಿಕೊಂಡರು. ಪೊರಕೆಯನ್ನು ಗೋಡೆಗೆ ಒರಗಿಸಿ, ಬಗ್ಗಿ, ಪಟ್ಟಿಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಂಡು ಒಳಗೆ ಹೋದರು. ಆ ದಿನ ಅವರು ಊಟಕ್ಕೆ ಬರಲಿಲ್ಲ.

ಹಗುರಾದ ಕೋಟಿನಲ್ಲಿ ಇವರು ಸ್ವಲ್ಪ ಕಾಲ ಇದ್ದರು. ಕಾಫಿ ಹೂ ಬಿಡುವ ಹೊತ್ತಿಗೆ ಹೋದರು.

ಸತ್ತವರ ಬಟ್ಟೆ ಊರಿನ ಮಡಿವಾಳನಿಗೆ ಸೇರಬೇಕು, ಅದು ಅಲ್ಲಿನ ಪದ್ಧತಿ. ಮಣ್ಣು ಮಾಡಿ ಬಂದ ಕೆಲವು ದಿನಕ್ಕೆ ಅವನು ಹಿತ್ತಿಲ ಬಾಗಿಲಿಗೆ ಬಂದು ನಿಂತ. ಅಂಗಿ, ಪಂಚೆ, ಹಾಸಿಗೆಯ ಜಮಖಾನ, ಎಲ್ಲ ಕೊಟ್ಟೆ. ಕೋಟನ್ನೂ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದ, ಬೆರಳಿನಿಂದ ಉಜ್ಜಿದ, ತಿರುಗಿಸಿ ಹಿಂಭಾಗ ನೋಡಿದ.

"ಭಾರಿ ಬಟ್ಟೆ ಕಣವ್ವ. ಎಲ್ಲೂ ಒಂದ್ ಎಳೆ ಸವ್ದಿಲ್ಲ."

ಒಂದು ತೋಳು ತೂರಿಸಿದ. ಇನ್ನೊಂದು ತೋಳನ್ನು ತೂರಿಸಲು ಹೋದಾಗ ಕೋಟು ಅವನ ಬೆನ್ನಿನ ನಡುವಿಗೇ ನಿಂತುಬಿಟ್ಟಿತು. ಅವನೇನು ದಪ್ಪ ಮನುಷ್ಯನಲ್ಲ. ಮೆಲ್ಲಗೆ ತೋಳು ಬಿಡಿಸಿಕೊಂಡು, ಪಕ್ಕದ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಬಿಚ್ಚುದ್ರೆ ಒಳಗೆ ಬಟ್ಟೆ ಐತಾ ಅವ್ವ?"

"ಇಲ್ಲ," ಎಂದೆ.

"ಇದು ಯಾರಿಗಾಯ್ತದೆ ಮತ್ತೆ?" ಎಂದು ಕೋಟನ್ನೇ ಕೇಳುವವನಂತೆ ಅಂದ. ಕೊಟ್ಟದ್ದನ್ನು ಬೇಡ ಎನ್ನುವ ಹಾಗಿರಲಿಲ್ಲ. ಮಡಿಸಿ, ಉಳಿದ ಬಟ್ಟೆಗಳ ಜೊತೆ ಗಂಟಿಗೆ ಹಾಕಿಕೊಂಡು ಹೋದ.