ಅಪ್ಪಯ್ಯನ ಬಾಯಾರಿಕೆ

ಅಪ್ಪಯ್ಯನ ಪಾದ ಊದತೊಡಗಿದಾಗ ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವಡೋದರಾದ ಗೋರ್ವಾದಲ್ಲಿ ನಮ್ಮದು ಉಡುಪಿ ಹೋಟೆಲು. ಅಪ್ಪಯ್ಯ ಗಲ್ಲಾದಲ್ಲಿ ಕುಳಿತದ್ದಕ್ಕಿಂತ ಒಲೆಯ ಮುಂದೆ ನಿಂತದ್ದೇ ಹೆಚ್ಚು. "ನಿಂತವನ ಕಾಲು ಊದದೆ ಕೂತವನದ್ದು ಊದ್ತದಾ?" ಎಂದು ಅವರೇ ನಗುತ್ತಿದ್ದರು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಉಸಿರು ಕಟ್ಟತೊಡಗಿದ ಮೇಲಷ್ಟೇ ಡಾಕ್ಟರ ಬಳಿ ಹೋದದ್ದು.

ಡಾಕ್ಟರು ವಿವರಿಸಿದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಅವರ ಮೇಲಲ್ಲ, ದೇಹದ ಮೇಲೆ. ಹೃದಯ ಸೋತು ರಕ್ತವನ್ನು ಸರಿಯಾಗಿ ತಳ್ಳದಿದ್ದರೆ ಮೂತ್ರಪಿಂಡಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಮೈಯಲ್ಲಿ ನೀರೇ ಇಲ್ಲವೆಂದು ತಿಳಿದು ಅದು ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಡುತ್ತದೆ. ಹೆಚ್ಚಾದ ನೀರು ರಕ್ತನಾಳಗಳಿಂದ ಜಿನುಗಿ ಕಾಲಿಗೆ ಇಳಿಯುತ್ತದೆ, ಕೊನೆಗೆ ಶ್ವಾಸಕೋಶಕ್ಕೂ ನುಗ್ಗುತ್ತದೆ. ಇಷ್ಟು ನೀರು ತುಂಬಿಕೊಂಡ ಮನುಷ್ಯನಿಗೆ ಬಾಯಾರಿಕೆ ಮಾತ್ರ ತಪ್ಪುವುದಿಲ್ಲ. ಇಂಥ ದಡ್ಡತನವನ್ನು ಹೋಟೆಲಿನಲ್ಲಿ ಯಾರಾದರೂ ಮಾಡಿದ್ದರೆ ಅಪ್ಪಯ್ಯ ಅವತ್ತೇ ಮನೆಗೆ ಕಳಿಸುತ್ತಿದ್ದರು.

ನೀರಿಗೂ ಉಪ್ಪಿಗೂ ಮಿತಿ ಬಂತು. ಅದೇ ಊರಿನ ಮಂಜಲ್‌ಪುರದಲ್ಲಿದ್ದ ನಮ್ಮ ಮನೆಯಲ್ಲಿ ನೀರಿನ ಚೊಂಬು ಅಮ್ಮನ ಕಾವಲಿಗೆ ಹೋಯಿತು.

"ಒಂದು ಗುಟುಕು ಕೊಡು ಮಾರಾಯ್ತಿ," ಎಂದು ಅಪ್ಪಯ್ಯ ಅಂಗಲಾಚುತ್ತಿದ್ದರು.

"ಡಾಕ್ಟ್ರು ಬೇಡ ಹೇಳಿದ್ದಾರಲ್ಲ," ಎಂದು ಹೇಳಿ ಅಮ್ಮ ಒಳಗೆ ಹೋಗಿ ಅಳುತ್ತಿದ್ದಳು. ಅಹಮದಾಬಾದಿನಲ್ಲಿ ಕೆಲಸದಲ್ಲಿದ್ದ ನಾನು ರಜೆ ಸಿಕ್ಕಾಗಲೆಲ್ಲ ಬಂದು ನೋಡಿದರೆ ಊತ ಏರುತ್ತಲೇ ಇತ್ತು. ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಆಸ್ಪತ್ರೆಗೆ ಸೇರಿಸಿದ ಮೇಲೆ ಪಥ್ಯ ನೋಡಿಕೊಳ್ಳುವ ಹೆಂಗಸು ಬಂದು ಗುಜರಾತಿಯಲ್ಲಿ ವಿಚಾರಿಸಿದರು. ಅಮ್ಮನ ಗುಜರಾತಿ ತರಕಾರಿಯವನ ಗಾಡಿಯಿಂದಾಚೆ ಹೋದದ್ದಿಲ್ಲ, ಹಾಗಾಗಿ ನಾನು ನಡುವೆ ನಿಂತೆ.

"ನೀರು ಅಳೆದೇ ಕೊಡುದು," ಎಂದಳು ಅಮ್ಮ, ಹೆಮ್ಮೆಯಿಂದ. "ತಿಂಡಿಗಿಂಡಿ ಎಲ್ಲ ಬಂದ್. ಮೂರು ಹೊತ್ತೂ ಗಂಜಿ ಮಾತ್ರ. ನಂಜಿಕೊಳ್ಳಲಿಕ್ಕೆ ಚೂರು ಮಿಡಿ ಉಪ್ಪಿನಕಾಯಿ."

ಅದನ್ನು ಗುಜರಾತಿಗೆ ತಿರುಗಿಸುತ್ತಾ ನಾನು ಗಂಜಿಯ ಹತ್ತಿರ ತಡವರಿಸಿದೆ. ನಮ್ಮ ಕರಾವಳಿಯವರಿಗೆ ಗಂಜಿ ಎಂದರೆ ಊಟ. ಕಾಯಿಲೆಯವರಿಗೆ ಅದಕ್ಕಿಂತ ಒಳ್ಳೆಯ ಪಥ್ಯ ಇನ್ನೊಂದಿಲ್ಲ. ಬಟ್ಟಲು ತುಂಬ, ಅಕ್ಕಿ ಬೆಂದ ತಿಳಿಯ ಸಮೇತ ಬಡಿಸುತ್ತೇವೆ, ಆದರೆ ಅದನ್ನು ನೀರಿನ ಲೆಕ್ಕಕ್ಕೆ ಹಿಡಿಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯುವುದಿಲ್ಲ. ಆ ಹೆಂಗಸು ಅಮ್ಮನನ್ನೊಮ್ಮೆ ನೋಡಿ ಮೆಲ್ಲಗೆ ಹೇಳಿದರು: ಗಂಜಿಯೂ ನೀರೇ, ಉಪ್ಪಿನಕಾಯಿಯ ಉಪ್ಪು ಆ ನೀರನ್ನು ಮೈಯಲ್ಲೇ ಹಿಡಿದಿಡುತ್ತದೆ.

"ಎಂತ ಹೇಳಿದ್ರು?" ಅಮ್ಮ ಕೇಳಿದಳು.

"ಚಂದ ನೋಡಿಕೊಂಡಿದ್ದೀರಿ ಹೇಳಿದ್ರು. ಮನೆಗೆ ಹೋದ ಮೇಲೆ ಗಂಜಿ ಬದಲು ಚಪಾತಿ ಕೊಡಬೇಕಂತೆ."

ಅಪ್ಪಯ್ಯ ಮನೆಗೆ ಬರಲೇ ಇಲ್ಲ. ಹೃದಯ ಮೊದಲೇ ಸೋತಿತ್ತು, ಗಂಜಿಯೊಂದನ್ನೇ ದೂರುವಂತಿಲ್ಲ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದರು. ನಾನು ನಂಬಿದೆ. ಆದರೂ ದುಃಖ ಒಂದು ಚೂರೂ ಕಡಿಮೆಯಾಗಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಅಮ್ಮ ಒಂದೇ ಮಾತು ಹೇಳುತ್ತಿದ್ದಳು: "ಬಾಯಾರಿಯೇ ಹೋದರು. ಎಷ್ಟು ಕೇಳಿದ್ರೂ ಒಂದು ಗುಟುಕು ನಾನು ಕೊಡ್ಲಿಲ್ಲ." ಅವರ ಮೈಯಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ನೀರಿತ್ತು ಎಂದು ಹೇಳಿದ್ದರೆ ಆ ಸಂಕಟ ಇಳಿಯುತ್ತಿತ್ತೇನೋ. ಆದರೆ ಆ ನೀರು ಎಲ್ಲಿಂದ ಬಂತು ಎಂದು ಕೇಳದೆ ಬಿಡುವವಳಲ್ಲ ಅಮ್ಮ.

ಎಲ್ಲರೂ ಹೋದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು.

"ಗಂಜಿಯಾದ್ರೂ ಹೊಟ್ಟೆ ತುಂಬ ಕೊಟ್ಟೆನಲ್ಲ ಮಗಾ. ನನಗೆ ಅದೊಂದೇ ಸಮಾಧಾನ."

"ಹೌದಮ್ಮ," ಎಂದೆ.