ನಾನೇ ಬಿಚ್ಚಿದ ವಾಲ್ವು

ಕಾರು ಕುದಿಯಬಾರದು. ಬ್ಲಾಕ್‌ಪಲ್ಲಿಯ ಗ್ಯಾರೇಜಿನಲ್ಲಿ ನಾನು ಕಲಿತ ಮೊದಲ ಪಾಠ ಅದು. ಈಗ ಶಿವಾಜಿನಗರ ಅನ್ನುತ್ತಾರೆ. ಆಗ ನಮಗೆಲ್ಲ ಬ್ಲಾಕ್‌ಪಲ್ಲಿ. ಬಾನೆಟ್ಟಿನಿಂದ ಹಬೆ ಏಳುವ ಕಾರು ಕಂಡರೆ ನಮ್ಮ ಉಸ್ತಾದರಿಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೆ ಅವರ ಹತ್ತಿರ ಇದ್ದದ್ದು ಒಂದೇ ಮದ್ದು. ಎಂಜಿನ್ನಿನ ನೀರು ರೇಡಿಯೇಟರಿಗೆ ಹೋಗುವ ದಾರಿಯಲ್ಲಿ ಥರ್ಮೋಸ್ಟ್ಯಾಟ್ ಅಂತ ಒಂದು ಪುಟ್ಟ ಹಿತ್ತಾಳೆ ಸಾಮಾನು ಇರುತ್ತದೆ. ನಮ್ಮ ಬಾಯಲ್ಲಿ ಅದು ವಾಲ್ವು. ನೀರು ಚೆನ್ನಾಗಿ ಕಾಯುವ ತನಕ ಅದು ದಾರಿ ಬಿಡುವುದಿಲ್ಲ. "ಚಳಿ ದೇಶದ ಸಾಮಾನು ಇದು, ನಮಗೆ ನಕ್ಕೋ, ಬೇಡ," ಅನ್ನುತ್ತಿದ್ದರು ಉಸ್ತಾದ್. ಯಾವ ಕಾರು ಬಂದರೂ, ಬಂದದ್ದು ಹಾರನ್ ರಿಪೇರಿಗೇ ಆಗಿರಲಿ, ನಾನು ಆ ವಾಲ್ವು ಬಿಚ್ಚಿ ತಗಡಿನ ಡಬ್ಬಕ್ಕೆ ಹಾಕುತ್ತಿದ್ದೆ. ಯಾರೂ ಕೇಳದ ಉಪಕಾರ. ಅದರ ಬಗ್ಗೆ ನನಗೆ ಹೆಮ್ಮೆ ಬೇರೆ.

ಡಾಕ್ಟರಮ್ಮನ ಕಾರಿನದನ್ನೂ ಒಂದು ಬೇಸಿಗೆಯಲ್ಲಿ ಹಾಗೇ ಬಿಚ್ಚಿದ್ದೆ. ಯುದ್ಧ ಮುಗಿದು ಸೋಲ್ಜರುಗಳು ಊರು ಬಿಡುವಾಗ ಮಾರಿಹೋದ ಅಮೆರಿಕದ ಕಾರು ಅದು. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಕಪ್ಪು ಪೆಟ್ಟಿಗೆ. ರೇಡಿಯೋ ಇರಬೇಕು ಅಂದುಕೊಂಡಿದ್ದೆ. ಎಂಜಿನ್ನಿನ ಬಿಸಿನೀರಿನಿಂದ ಕಾರಿನೊಳಗೆ ಬಿಸಿಗಾಳಿ ಊದುವ ಹೀಟರು ಅಂತ ಆಕೆಯೇ ಹೇಳಿಕೊಟ್ಟರು. ದಂಡು ಪ್ರದೇಶದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರು ಆಕೆ. ಹಲಸೂರಿನಿಂದ ಆಚೆಯ ಹಳ್ಳಿಗಳಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಹತ್ತಿಯಲ್ಲಿ ಸುತ್ತಿ, ಹೀಟರು ಹಾಕಿ, ತಾವೇ ಕಾರು ಓಡಿಸಿಕೊಂಡು ಬರುತ್ತಿದ್ದರು.

ಹಾಗೆ ತಂದ ಮಕ್ಕಳಲ್ಲಿ ಒಂದು ನನ್ನ ಅಕ್ಕನದು. ಅಕ್ಕನನ್ನು ಕೆ.ಆರ್. ಪುರದ ಬೇಸಾಯದ ಮನೆಗೆ ಕೊಟ್ಟಿತ್ತು. ಅಪ್ಪ ಅಮ್ಮ ಇರಲಿಲ್ಲ. ತವರು ಅಂತ ಅವಳಿಗಿದ್ದದ್ದು ನಾನೊಬ್ಬನೇ. ನನಗಿದ್ದದ್ದು ಗ್ಯಾರೇಜಿನ ಹಿಂದಿನ ಒಂದು ಕೋಣೆ. ಮೊದಲ ಮಗು ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಸಂಕ್ರಾಂತಿಯ ಚಳಿಯಲ್ಲಿ, ಏಳು ತಿಂಗಳಿಗೇ ಹುಟ್ಟಿತು. ಬಾಣಂತಿಯನ್ನು ಅಲ್ಲೇ ಬಿಟ್ಟು ಡಾಕ್ಟರಮ್ಮ ಮಗುವನ್ನು ಕಾರಿನಲ್ಲಿ ತಂದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅದು ಬದುಕಿರಲಿಲ್ಲ.

ಮರುವರ್ಷ ಧನುರ್ಮಾಸ. ಅಕ್ಕ ಮತ್ತೆ ತುಂಬಿದ ಬಸುರಿ. ಡಾಕ್ಟರಮ್ಮ ಕಾರು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರು.

"ಏನಪ್ಪಾ, ಈ ಹೀಟರ್ ಬಿಸಿಯಾಗೋಷ್ಟರಲ್ಲಿ ನಾನು ಆಸ್ಪತ್ರೆ ಗೇಟಲ್ಲಿರ್ತೀನಿ. ಹೆರಿಗೆ ಮುಗಿಯೋ ಹೊತ್ತಿಗೆ ಕಾರು ಹೊರಗೆ ನಿಂತು ತಣ್ಣಗಾಗಿರತ್ತೆ. ಎಂಜಿನ್ ಆನ್ ಮಾಡಿ ಕೂತ್ಕೊಳ್ಳೋಕೆ ರೇಷನ್ನಲ್ಲಿ ಅಷ್ಟು ಪೆಟ್ರೋಲ್ ಎಲ್ಲಿ ಕೊಡ್ತಾರೆ? ನಿಮ್ಮಕ್ಕನ್ನ ನಿನ್ನೆ ನೋಡ್ಬಂದೆ. ಇದೂ ದಿನ ತುಂಬೋ ತನಕ ನಿಲ್ಲೋ ಹಾಗೆ ಕಾಣ್ತಿಲ್ಲ. ಬೇಗ ಸರಿ ಮಾಡ್ಕೊಡು."

ಎರಡು ದಿನ ಆ ಹೀಟರಿನ ಜೊತೆ ಹೆಣಗಿದೆ. ರೇಡಿಯೇಟರಿನಲ್ಲಿ ನೀರು ಕಂಠಮಟ್ಟ ಇತ್ತು. ಹೀಟರಿಗೆ ನೀರು ಬಿಡುವ ನಲ್ಲಿ ತೆರೆದೇ ಇತ್ತು. ರಬ್ಬರ್ ಪೈಪುಗಳನ್ನು ಬಿಚ್ಚಿ ಊದಿದೆ, ಎಲ್ಲೂ ಕಟ್ಟಿರಲಿಲ್ಲ. ಪೆಟ್ಟಿಗೆಗೆ ನೀರು ಹಾಯಿಸಿದಾಗ ಕೆಂಪಗೆ ತುಕ್ಕು ಬಂತು. ಸಿಕ್ಕಿಬಿದ್ದ ಕಳ್ಳ ಅಂತ ಕುಣಿದಾಡಿದೆ. ಮತ್ತೆ ಜೋಡಿಸಿ, ಒಳಗೆ ಸೇರಿದ್ದ ಗಾಳಿ ತೆಗೆದು ಓಡಿಸಿ ನೋಡಿದರೆ ಅದೇ ರಾಗ. ಸಿಟ್ಟು ಬಂದು ಟೈರಿಗೆ ಒದ್ದೆ. ನೋವಾದದ್ದು ನನ್ನ ಹೆಬ್ಬೆರಳಿಗೆ.

ಮೂರನೆಯ ದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ ಶುರು ಮಾಡಿ, ಸುಮ್ಮನೆ ರೇಡಿಯೇಟರಿನ ಮೇಲಿನ ಪೈಪಿನ ಮೇಲೆ ಕೈ ಇಟ್ಟುಕೊಂಡು ನಿಂತೆ. ಎಂಜಿನ್ ಇನ್ನೂ ಕಾದಿಲ್ಲ, ಪೈಪು ಆಗಲೇ ಉಗುರುಬೆಚ್ಚಗಾಗುತ್ತಿತ್ತು. ಕಾದಷ್ಟು ನೀರೂ ಆಗಿಂದಾಗಲೇ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ವಾಪಸು ಬರುತ್ತಿತ್ತು. ಹಂಡೆಯಿಂದ ಒಂದು ಚೊಂಬು ಬಿಸಿನೀರು ತೋಡಿ, ಮತ್ತೊಂದು ಚೊಂಬು ತಣ್ಣೀರು ಸುರಿಯುತ್ತಿದ್ದರೆ ಸ್ನಾನಕ್ಕೆ ನೀರು ಕಾಯುವುದು ಯಾವಾಗ? ದಾರಿ ತಡೆಯಬೇಕಾದ ವಾಲ್ವು ಅಲ್ಲಿರಲಿಲ್ಲ. ತೆಗೆದವನು ನಾನೇ. ತೆಗೆದದ್ದು ಬೇಸಿಗೆಯಲ್ಲಿ, ಅಕ್ಕನ ಮಗು ಆ ಕಾರಿನಲ್ಲಿ ಬಂದದ್ದು ಅದರ ನಂತರದ ಸಂಕ್ರಾಂತಿಗೆ. ಕೈ ಪೈಪಿನ ಮೇಲೇ ಇತ್ತು. ಹಾಗೇ ಮಡ್‌ಗಾರ್ಡಿನ ಮೇಲೆ ಕೂತುಬಿಟ್ಟೆ.

ಆಮೇಲೆ ಡಬ್ಬ ಸುರಿದು ಹುಡುಕಿದೆ. ಆ ಕಾರಿನ ಅಳತೆಯದು ಒಂದೇ ಒಂದು ಸಿಕ್ಕಿತು. ಎದುರಿನ ಚಹಾ ಅಂಗಡಿಯವನನ್ನು ಕೇಳಿಕೊಂಡು, ಅವನ ಒಲೆಯ ಮೇಲೆ ನೀರಿಟ್ಟು ಅದರೊಳಗೆ ವಾಲ್ವು ಇಳಿಬಿಟ್ಟೆ. ನೀರು ಕುದಿಗೆ ಬರುವ ಮುಂಚೆ ಅದರ ಬಾಯಿ ನಿಧಾನವಾಗಿ ತೆರೆಯಿತು. ಹೊರಗೆ ತೆಗೆದರೆ ಮುಚ್ಚಿಕೊಂಡಿತು. ಇಷ್ಟು ವರ್ಷ ಬಿಚ್ಚಿ ಎಸೆದಿದ್ದೆನೇ ಹೊರತು, ಅದು ಕೆಲಸ ಮಾಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಕೂರಿಸಿ ಓಡಿಸಿದೆ. ಹಲಸೂರು ಕೆರೆ ತಲುಪುವ ಮುಂಚೆಯೇ ಪೆಟ್ಟಿಗೆ ಬಿಸಿಗಾಳಿ ಊದತೊಡಗಿತು.

ಯಾರಿಗೂ ಹೇಳದೆ ಶಹಬ್ಬಾಸ್‌ಗಿರಿ ಹೊಡೆದುಕೊಳ್ಳಬಹುದಿತ್ತು. ಆಸೆ ಆಗಲಿಲ್ಲ ಅಂದರೆ ಸುಳ್ಳು. ಆದರೆ ಡಾಕ್ಟರಮ್ಮ ಕಾರು ಒಯ್ಯಲು ಬಂದಾಗ ಮಾತು ತಾನಾಗಿ ಬಾಯಿಗೆ ಬಂತು.

"ಕೆಡಿಸಿದ್ದು ನಾನೇ ಅಮ್ಮಾ. ಹೋದ ವರ್ಷದ ಮಗು ನನ್ನಿಂದ್ಲೇ..."

ಆಕೆ ಕೈಯಲ್ಲಿದ್ದ ಬ್ಯಾಗನ್ನು ಸೀಟಿನ ಮೇಲಿಟ್ಟರು. "ಕೇಳಪ್ಪ. ಹಲಸೂರು ಕೆರೆವರೆಗೂ ಆ ಮಗು ನನ್ನ ಪಕ್ಕದಲ್ಲಿ ಉಸಿರಾಡ್ತಾ ಇತ್ತು. ಮೈ ಬೆಚ್ಚಗೇ ಇತ್ತು. ಶ್ವಾಸಕೋಶ ಬಲಿತಿರಲಿಲ್ಲ, ಅದಕ್ಕೇ ಹೋಯ್ತು. ನಿನ್ನ ಹೀಟರಿಗೂ ಅದಕ್ಕೂ ಸಂಬಂಧ ಇಲ್ಲ. ಬೀಗದ ಕೈ ಕೊಡು."

ಆ ಮಾತಿನಿಂದ ನಾನು ಮತ್ತೆ ಊಟ ಮಾಡುವಂತಾದೆ. ಆಕೆಯ ಹೊಟ್ಟೆ ತಣ್ಣಗಿರಲಿ.

ಪುಷ್ಯ ಮಾಸದ ಒಂದು ಬೆಳಿಗ್ಗೆ ಅಕ್ಕನಿಗೆ ಹೆಣ್ಣು ಮಗುವಾಯಿತು, ಒಂದು ತಿಂಗಳು ಮುಂಚೆ. ಡಾಕ್ಟರಮ್ಮ ಹೋಗುವಾಗ ನನ್ನನ್ನೂ ಕೂರಿಸಿಕೊಂಡಿದ್ದರು. ಬರುವಾಗ ಅಕ್ಕ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಹತ್ತಿಯ ಗಂಟು ನನ್ನ ಮಡಿಲಲ್ಲಿ, ಹೀಟರಿನ ಎದುರಿಗೆ. ಬೈಯಪ್ಪನಹಳ್ಳಿ ಬರುವಷ್ಟರಲ್ಲಿ ನನ್ನ ಮೊಣಕಾಲಿನ ಮೇಲೆಲ್ಲ ಬಿಸಿ. ಮಗು ಒಮ್ಮೆ ಆಕಳಿಸಿತು. ನನಗೆ ಅಳು ಬಂತು, ಡಾಕ್ಟರಮ್ಮ ಕಂಡೂ ಕಾಣದಂತೆ ರಸ್ತೆ ನೋಡುತ್ತಿದ್ದರು.

ನಾಮಕರಣದ ದಿನ ಅಕ್ಕ ಬಂದವರಿಗೆಲ್ಲ "ಇವಳನ್ನ ಉಳಿಸಿಕೊಟ್ಟಿದ್ದು ನನ್ನ ತಮ್ಮ" ಅನ್ನುತ್ತಿದ್ದಳು. ನನಗೆ ಅನ್ನ ಇಳಿಯಲಿಲ್ಲ. ಬಂದವರು ಹೊರಟ ಮೇಲೆ, ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಾಗ ಎಲ್ಲ ಹೇಳಿಬಿಟ್ಟೆ. ಡಾಕ್ಟರಮ್ಮ ಆಡಿದ ಮಾತೊಂದನ್ನು ಮಾತ್ರ ಹೇಳಲಿಲ್ಲ.

ಅಕ್ಕ ಸೌಟು ಕೆಳಗಿಟ್ಟಳು. ನನ್ನ ಮುಖ ನೋಡಲಿಲ್ಲ.

"ಅದಕ್ಕೆ ಇಷ್ಟು ದಿನ ಸೊರಗಿದ್ದೇನೋ ನೀನು? ಆ ಮಗು ಕಾರು ಹತ್ತೋಕೆ ಮುಂಚೇನೇ ಹೋಗಿತ್ತು ಕಣೋ. ನನ್ನ ಕೈಲೇ ಹೋಯ್ತು. ಅತ್ತೆ ಅಳ್ತಾರೆ ಅಂತ ಯಾರಿಗೂ ಹೇಳ್ದೆ ಡಾಕ್ಟರಮ್ಮನ ಕೈಗೆ ಎತ್ಕೊಟ್ಟೆ."

ಒಬ್ಬರು ಹಲಸೂರು ಕೆರೆಯವರೆಗೂ ಉಸಿರಿತ್ತು ಅಂದರು. ಇನ್ನೊಬ್ಬಳು ಕಾರು ಹತ್ತುವ ಮೊದಲೇ ಹೋಗಿತ್ತು ಅಂದಳು. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ನನ್ನ ಸಲುವಾಗಿ ಸುಳ್ಳು ಹೇಳಿದವರು ಇಬ್ಬರಲ್ಲಿ ಯಾರು, ಅಥವಾ ಇಬ್ಬರೂನಾ, ನಾನು ಕೇಳಲಿಲ್ಲ. ಅಕ್ಕ ಎಲೆ ಹಾಕಿ ಕೂತ್ಕೋ ಅಂದಳು. ಕೂತು, ಹೊಟ್ಟೆ ತುಂಬ ಉಂಡೆ.