ಜಯಕ್ಕನ ಚಕ್ಕೋತದಂಗಡಿ

ದೂರದ ಊರಿನ ಹೆಸರು ಹೊತ್ತ ತಿಂಡಿ ಕಂಡರೆ ಸಾಕು, ಬಾಯಿಗಿಡುವ ಮೊದಲೇ ನನಗೆ ರುಚಿ ಹತ್ತಿಬಿಡುತ್ತದೆ. ಯಾರೋ ಇಂಗ್ಲೆಂಡಿನಿಂದ ತಂದುಕೊಟ್ಟ ಬಿಸ್ಕತ್ತು ನಮ್ಮ ಮನೆಯಲ್ಲಿ ಒಂದೇ ಸಂಜೆಗೆ ಮುಗಿದಿತ್ತು. ಅದರ ಡಬ್ಬಿ ಮಾತ್ರ ವರ್ಷಗಟ್ಟಲೆ ಶೋಕೇಸಿನಲ್ಲಿ ಕೂತು ಬಂದವರಿಗೆಲ್ಲ ದರ್ಶನ ಕೊಡುತ್ತಿತ್ತು. ಇಂಥ ನನಗೆ ಹುಟ್ಟೂರು ದೇವನಹಳ್ಳಿಯ ಚಕ್ಕೋತ ಯಾವ ಲೆಕ್ಕ? ಕೂಸಿನ ತಲೆಯಷ್ಟು ದಪ್ಪ, ಮೆತ್ತೆಯಂಥ ಸಿಪ್ಪೆ, ತೊಳೆ ಬಿಡಿಸುವಷ್ಟರಲ್ಲಿ ಹಸಿವೇ ಮರೆತುಹೋಗುವ ಹಣ್ಣು ಅದು.

ಅಕ್ಕ ಜಯಮ್ಮನಿಗೆ ಹಾಗಲ್ಲ. ಅವಳನ್ನು ಕೊಟ್ಟದ್ದು ಊರ ಪಕ್ಕದ ತೋಟದ ಮನೆಗೆ. ಮೊದಲ ಬಸುರಿನಲ್ಲಿ ಅವಳಿಗೆ ಅನ್ನ ಸೇರದಿದ್ದಾಗ, ಅತ್ತೆ ತಾವೇ ನೆಟ್ಟ ಮರದ ಚಕ್ಕೋತ ಬಿಡಿಸಿ, ಉಪ್ಪು ಖಾರ ಸವರಿ ತಿನ್ನಿಸಿದ್ದರಂತೆ. ಅತ್ತೆ ತೀರಿಹೋದರು, ಮರಗಳು ಉಳಿದವು. ತೊಂಬತ್ತರ ದಶಕದ ಆರಂಭದಲ್ಲಿ ಸುತ್ತಲಿನವರೆಲ್ಲ ದ್ರಾಕ್ಷಿ ಚಪ್ಪರ ಹಾಕುತ್ತಿದ್ದಾಗ ಭಾವ ಮುನಿರಾಜಪ್ಪನವರೂ ಮರ ಕಡಿಸಲು ಹೊರಟರು.

"ಕೇಳೋರೇ ಇಲ್ಲದ ಹಣ್ಣು. ಮಂಡಿಯವ್ರು ಮುಖ ತಿರುಗಿಸ್ತಾರೆ."

"ಇದೊಂದು ಫಸಲು ನನಗೆ ಬಿಡ್ರೀ. ನಾನು ಮಾರ್ತೀನಿ. ಆಗ್ಲಿಲ್ಲ ಅಂದ್ರೆ ಕಡಿಸಿ, ನಾನು ಮಾತೇ ಆಡಲ್ಲ" ಎಂದಳು ಅಕ್ಕ.

ತೋಟದ ಮುಂದೆ, ರಸ್ತೆಗೆ ಮುಖಮಾಡಿ ತೆಂಗಿನ ಗರಿಯ ಅಂಗಡಿ ಎದ್ದಿತು. ಸುತ್ತಮುತ್ತ ಬೆಳೆದದ್ದು ಮಾತ್ರ ಅಲ್ಲಿ ಸಿಗುತ್ತಿತ್ತು: ರಾಗಿ, ಹುರುಳಿ, ಅವರೆಕಾಯಿ, ನಲ್ಲೂರಿನ ಹುಣಸೆಹಣ್ಣು, ಚಕ್ಕೋತ. ಭಾನುವಾರ ನಂದಿಬೆಟ್ಟಕ್ಕೆ ಹೋಗುವ ಕಾರಿನವರು ನಿಲ್ಲಿಸಿ, "ಆಪಲ್ ಇಲ್ವಾ?" ಎಂದು ಕೇಳಿ ಹೊರಟುಬಿಡುತ್ತಿದ್ದರು.

ನಾಲ್ಕು ಸೇಬು ಇಡು ಎಂದು ನಾನೂ ಹೇಳಿನೋಡಿದೆ. ಅಕ್ಕ ಒಪ್ಪಲಿಲ್ಲ. ಓದಿದವನೆಂಬ ಹಮ್ಮಿನಲ್ಲಿ, "ಚಕ್ಕೋತವೂ ಹಿಂದೆ ಸಮುದ್ರ ದಾಟಿ ಬಂದಿದ್ದೇ ಕಣಕ್ಕ, ಮೆಣಸಿನಕಾಯೂ ಅಷ್ಟೇ. ನಮ್ಮೂರದ್ದು ಹೆಂಗಾಗುತ್ತೆ?" ಎಂದೆ.

"ನಾನೂ ಈ ಮನೆಗೆ ಬಂದೋಳೇ ಅಲ್ವೇನೋ? ನೆಟ್ಟು ನೀರು ಹಾಕಿದ್ಮೇಲೂ ತವರು ಯಾವುದು ಅಂತ ಕೇಳ್ತಾ ಕೂತಿರ್ತಾರಾ?"

ನನ್ನ ಸಸ್ಯಶಾಸ್ತ್ರ ಅಲ್ಲಿಗೆ ಮುಗಿಯಿತು.

ಸಂಕ್ರಾಂತಿಗೆ ಮುಂಚಿನ ಒಂದು ಭಾನುವಾರ ಅಕ್ಕ, ಬಂದವರಿಗೆಲ್ಲ ನಮ್ಮೂರ ಊಟ ಹಾಕುತ್ತೇನೆಂದು ಬೋರ್ಡು ತೂಗುಹಾಕಿದಳು. ರಾಗಿಮುದ್ದೆ, ಹಿತಕಿದ ಬೇಳೆ ಸಾರು, ಚಕ್ಕೋತದ ಕೋಸಂಬರಿ. ಮಧ್ಯಾಹ್ನ ಕಳೆದರೂ ಉಂಡವನು ನಾನೊಬ್ಬನೇ. ಭಾವ ಮರದಡಿ ಕೂತಿದ್ದರು. ಅಕ್ಕ ರಸ್ತೆ ನೋಡುವುದನ್ನೂ ಬಿಟ್ಟು ಒಲೆಯ ಕಡೆ ತಿರುಗಿ ಕೂತಳು.

ಅಷ್ಟರಲ್ಲಿ ಒಂದು ಕಾರು ನಿಂತಿತು. ಮಗ, ಸೊಸೆಯ ಜೊತೆ ಇಳಿದ ಮುದುಕಿಯೊಬ್ಬರು ಚಕ್ಕೋತ ಎತ್ತಿ ಮೂಸಿ ಕೆಳಗಿಟ್ಟರು. "ತಿನ್ನೋ ಆಸೆ ಇದೆಯಮ್ಮ. ಇದನ್ನ ಬಿಡಿಸೋ ಶಕ್ತಿ ಕೈಗಿಲ್ಲ."

ಅಕ್ಕ ಏಳುವ ಮೊದಲೇ ಭಾವ ಎದ್ದರು. ಕೈ ತೊಳೆದು ಸಿಪ್ಪೆ ಕೊಯ್ದರು, ಒಂದೊಂದೇ ತೊಳೆಯ ಪೊರೆ ತೆಗೆದು, ಉಪ್ಪು ಖಾರ ಸವರಿ ಎಲೆಯ ಮೇಲಿಟ್ಟು ಕೊಟ್ಟರು. ಮುದುಕಿ ಕಣ್ಣು ಮುಚ್ಚಿ ತಿಂದು, "ಎಷ್ಟು ಚೆನ್ನಾಗಿ ಬಿಡಿಸ್ತೀಯಪ್ಪ! ಯಾರು ಕಲಿಸಿದ್ದು?" ಎಂದರು.

"ನಮ್ಮಮ್ಮ" ಎಂದ ಭಾವ ಇನ್ನೊಂದು ತೊಳೆ ಎಲೆಯ ಮೇಲಿಟ್ಟು, "ಮರ ನೆಟ್ಟಿದ್ದೂ ಅವರೇ" ಎಂದರು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಸಾರಿಗೆ ಉರಿ ಹಾಕಿದಳು.

ನಿಂತ ಕಾರನ್ನು ಕಂಡರೆ ಇನ್ನೊಂದು ಕಾರಿಗೂ ನಿಲ್ಲಬೇಕೆನಿಸುತ್ತದೆ. ಮನುಷ್ಯರ ರುಚಿ ಮುಕ್ಕಾಲು ಪಾಲು ಬೆಳೆಯುವುದು ಹೀಗೆಯೇ. ಸಂಜೆಯ ಹೊತ್ತಿಗೆ ಸಾರಿನ ಪಾತ್ರೆ ತಳ ಕಂಡಿತ್ತು, ಭಾವನ ಬೆರಳು ರಸದಲ್ಲಿ ನೆನೆದು ಸುಕ್ಕುಗಟ್ಟಿದ್ದವು. ಮರ ಕಡಿಸುವ ಮಾತು ಆಮೇಲೆ ಆ ಮನೆಯಲ್ಲಿ ಏಳಲಿಲ್ಲ. ದ್ರಾಕ್ಷಿಗೆ ಹಿತ್ತಲಲ್ಲಿ ಬೀಳುಬಿದ್ದ ನೆಲ ಸಿಕ್ಕಿತು.

ಕೆಲವು ವರ್ಷಗಳ ಮೇಲೆ ನಾನು ಹೋದಾಗ ಬೆಂಗಳೂರಿನವರೊಬ್ಬರು ಹಣ್ಣು ತಿಂದು ಮನಸೋತು, ಮನೆಯಂಗಳದಲ್ಲಿ ಹಾಕಲು ಬೀಜ ಕೇಳುತ್ತಿದ್ದರು. ಭಾವ ಬೀಜಗಳನ್ನು ಧಾರಾಳವಾಗಿ ಪೊಟ್ಟಣ ಕಟ್ಟಿಕೊಟ್ಟು, ಗಂಭೀರವಾಗಿ ಹೇಳಿದರು:

"ಹಾಕಿ ಸ್ವಾಮಿ, ಚೆನ್ನಾಗಿ ಬರುತ್ತೆ. ಹಣ್ಣು ಬಿಡೋಕೆ ವರ್ಷಗಳು ಬೇಕು. ಅಲ್ಲೀವರೆಗೂ ಇಲ್ಲಿಗೇ ಬರ್ತಾ ಇರಿ."